ಎಷ್ಟು ಉಪ್ಪು, ಯಾವ ಉಪ್ಪು?

ಕದಡಿದ ನೀರಿನಲ್ಲಿ ಪಟಿಕದ ಕಲ್ಲನ್ನು ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಕೆಸರು ತಳ ಸೇರುತ್ತದೆ. ಚಿಟಿಕೆ ಅಡುಗೆ ಉಪ್ಪಿನಿಂದ ಈ ಕೆಲಸ ಆಗುವುದಿಲ್ಲ. ಲವಣಗಳ ನಡುವಿನ ಇಂಥ ವ್ಯತ್ಯಾಸವನ್ನು ಅಳೆದು ನೋಡಿದವನು ಜರ್ಮನಿಯ ಹ್ಯಾನ್ಸ್ ಶುಲ್ಟ್ಸೆ. 1882ರಲ್ಲಿ ಆತ, ನೀರಿನಲ್ಲಿ ತೇಲುವ ಆರ್ಸೆನಿಕ್ ಸಲ್ಫೈಡ್ ಕಣಗಳಿಗೆ ಬಗೆಬಗೆಯ ಲವಣ ಹಾಕಿದ. ಒಂದೇ ಆವೇಶದ ಸೋಡಿಯಂ ಅಯಾನಿಗಿಂತ ಮೂರು ಆವೇಶದ ಅಲ್ಯೂಮಿನಿಯಂ ನೂರಾರು ಪಟ್ಟು ಕಡಿಮೆ ಪ್ರಮಾಣದಲ್ಲೇ ಕಣಗಳನ್ನು ಒಟ್ಟುಗೂಡಿಸಿ ಕೆಳಗಿಳಿಸುತ್ತಿತ್ತು. 1900ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ಡಿ ಈ ಕೆಲಸವನ್ನು ಮುಂದುವರಿಸಿದ. ನಿಯಮಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು.

1923ರಲ್ಲಿ ಜ್ಯೂರಿಕ್‌ನಲ್ಲಿದ್ದ ಪೀಟರ್ ಡೆಬೈ ಮತ್ತು ಎರಿಕ್ ಹ್ಯೂಕೆಲ್ ಉಪ್ಪುನೀರಿನ ಸಿದ್ಧಾಂತ ಕೊಟ್ಟರು. ನೀರಿನಲ್ಲಿ ಪ್ರತಿ ಆವೇಶದ ಸುತ್ತ ವಿರುದ್ಧ ಅಯಾನುಗಳು ನೆರೆದು ಅದನ್ನು ಮರೆಮಾಡುತ್ತವೆ. ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪಿದ್ದರೆ ಆವೇಶದ ಪ್ರಭಾವ 1 ನ್ಯಾನೋಮೀಟರ್ ಆಚೆಗೆ ಬೇಗ ಕುಂದುತ್ತದೆ. ಉಪ್ಪು ನೂರು ಪಟ್ಟು ಕಡಿಮೆಯಾದರೆ ಆ ದೂರ 10 ನ್ಯಾನೋಮೀಟರ್.

ಪಾಲಿಮರ್ ಬ್ರಷ್‌ಗಳ ಕತೆ ಶುರುವಾಗುವುದು ಇನ್ನೂ ಅರ್ಧ ಶತಮಾನದ ನಂತರ. ಮೇಲ್ಮೈಯೊಂದಕ್ಕೆ ಒಂದು ತುದಿಯಲ್ಲಿ ನೆಟ್ಟ ಅಣುಸರಪಳಿಗಳ ಗುಂಪೇ ಬ್ರಷ್. ಭತ್ತದ ಸಸಿಮಡಿಯಂತೆ ದಟ್ಟವಾಗಿದ್ದರೆ ಬಾಗಲು ಜಾಗವಿಲ್ಲದೆ ಅವು ನೆಟ್ಟಗೆ ನಿಲ್ಲುತ್ತವೆ. ಆವೇಶವಿಲ್ಲದ ಸರಪಳಿಗಳ ಲೆಕ್ಕವನ್ನು 1977ರಲ್ಲಿ ಶ್ಲೋಮೋ ಅಲೆಕ್ಸಾಂಡರ್, 1980ರಲ್ಲಿ ಪಿಯೆರ್-ಜಿಲ್ ದ ಜೆನ್ ಮಾಡಿದರು. ಸರಪಳಿಯಲ್ಲಿ ಆವೇಶವಿದ್ದರೆ ಏನಾಗುತ್ತದೆ?

1991ರಲ್ಲಿ ಅಮೆರಿಕದ ಫಿಲಿಪ್ ಪಿಂಕಸ್ ಒಂದು ಕಡೆ, ಲೆನಿನ್‌ಗ್ರಾಡ್‌ನ ಬೊರಿಸೋವ್, ಬಿರ್ಷ್ಟೈನ್, ಝುಲೀನಾ ಇನ್ನೊಂದು ಕಡೆ ಇದಕ್ಕೆ ಉತ್ತರ ಪ್ರಕಟಿಸಿದರು. ಸರಪಳಿಗಳು ಒಂದನ್ನೊಂದು ದೂಡಿಕೊಂಡು ನಿಲ್ಲುತ್ತವೆ ಎನ್ನುವುದು ಸಹಜ ಊಹೆ. ನಿಜವಾದ ಬಲ ಬೇರೆ. ಸರಪಳಿಗಳ ಆವೇಶ ತನ್ನ ಜೋಡಿ ಅಯಾನುಗಳನ್ನು ಬ್ರಷ್‌ನೊಳಗೇ ಹಿಡಿದಿಡುತ್ತದೆ. ಆ ದಟ್ಟಣೆ ಹೊರಗಿನ ನೀರನ್ನು ಒಳಗೆಳೆದು ಬ್ರಷ್ಷನ್ನು ಉಬ್ಬಿಸುತ್ತದೆ. ಹಾಗಾಗಿ ಹೊರಗೆ ಸ್ವಲ್ಪ ಉಪ್ಪು ಬೆರೆಸಿದರೆ ಏನೂ ಆಗುವುದಿಲ್ಲ. ಹೊರಗಿನ ಉಪ್ಪು ಒಳಗಿನ ಅಯಾನುಗಳ ಸಾಂದ್ರತೆಯನ್ನು ಮೀರಿದ ಮೇಲಷ್ಟೇ ಬ್ರಷ್ ಕುಗ್ಗುತ್ತದೆ, ಅದೂ ನಿಧಾನವಾಗಿ: ಉಪ್ಪು ಎಂಟು ಪಟ್ಟಾದರೆ ಎತ್ತರ ಅರ್ಧಕ್ಕೆ ಇಳಿಯುತ್ತದೆ.

ಈ ಲೆಕ್ಕ ಅಡುಗೆ ಉಪ್ಪಿನಂಥ ಲವಣಗಳಿಗೆ ಸರಿ. ಮೂರು ಆವೇಶದ ಅಯಾನು ಬಂದರೆ ಎರಡು ಸಂಗತಿ ಬದಲಾಗುತ್ತವೆ. ಮೂರು ಸೋಡಿಯಂ ಇದ್ದ ಕಡೆ ಒಂದೇ ಅಯಾನು ಸಾಕು, ಹಾಗಾಗಿ ಒಳಗಿನ ದಟ್ಟಣೆಯೇ ಕರಗುತ್ತದೆ. ಜೊತೆಗೆ ಆ ಅಯಾನು ಅಕ್ಕಪಕ್ಕದ ಸರಪಳಿಗಳಿಗೆ ಸೇತುವೆಯಾಗಿ ಅವನ್ನು ಕಟ್ಟಿಹಾಕುತ್ತದೆ. ಶಿಕಾಗೋ ವಿಶ್ವವಿದ್ಯಾಲಯದ ಮ್ಯಾಥ್ಯೂ ಟಿರೆಲ್, ಹುವಾನ್ ದೆ ಪಾಬ್ಲೋ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಆಗ ಬ್ರಷ್ ಒಂದೇ ಸಮನೆ ತಗ್ಗುವುದಿಲ್ಲ. ಸರಪಳಿಗಳು ಅಲ್ಲಲ್ಲಿ ಗಂಟುಕಟ್ಟಿ ಮೇಲ್ಮೈ ಏರುಪೇರಾಗುತ್ತದೆ.

ಇದು ಬರೀ ಆಕಾರದ ಮಾತಲ್ಲ. ನೀರಿನಲ್ಲಿ ಉಬ್ಬಿ ನಿಂತ ಎರಡು ಬ್ರಷ್‌ಗಳು ಒಂದರ ಮೇಲೊಂದು ಎಷ್ಟು ನಯವಾಗಿ ಜಾರುತ್ತವೆಂದರೆ, 2003ರಲ್ಲಿ ಇಸ್ರೇಲಿನ ಜೇಕಬ್ ಕ್ಲೈನ್ ತಂಡ ಅಳೆದ ಘರ್ಷಣಾಂಕ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಿತ್ತು. 2018ರಲ್ಲಿ ಶಿಕಾಗೋದವರು ಹೆಚ್ಚು ಆವೇಶದ ಅಯಾನುಗಳನ್ನು ಅತ್ಯಲ್ಪ ಬೆರೆಸಿದಾಗಲೂ ಆ ಜಾರಿಕೆ ಹಾಳಾಯಿತು. ನಮ್ಮ ಮಂಡಿಯ ಮೃದ್ವಸ್ಥಿಯಲ್ಲಿ ನೀರು ಹಿಡಿದು ಭಾರ ಹೊರುವ ಅಗ್ರೆಕಾನ್ ಅಣು ಕೂಡ ಋಣಾವೇಶದ ಸರಪಳಿಗಳ ಬ್ರಷ್ಷೇ.

ಮನುಷ್ಯನ ರಕ್ತದಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಸೋಡಿಯಂ ಇದ್ದರೆ, ಎರಡು ಆವೇಶದ ಕ್ಯಾಲ್ಸಿಯಂ ಬರೀ 2.5ರಷ್ಟು. ದೇಹದೊಳಗೆ ಬಳಸುವ ಲೇಪನವನ್ನು ಅಡುಗೆ ಉಪ್ಪಿನ ನೀರಿನಲ್ಲಷ್ಟೇ ಪರೀಕ್ಷಿಸಿದರೆ ಈ ಸಣ್ಣ ಅಂಕಿಯ ಪ್ರಭಾವ ತಪ್ಪಿಹೋಗುತ್ತದೆ. ಎಷ್ಟು ಎಂಬುದರ ಜೊತೆಗೆ ಯಾವುದು ಎಂದೂ ಕೇಳಬೇಕೆಂದು ಶುಲ್ಟ್ಸೆಯ ಪ್ರಯೋಗ 1882ರಲ್ಲೇ ತೋರಿಸಿತ್ತು.