ಬೆಣ್ಣೆಯಿಂದ ಬೆನ್ನುಮೂಳೆಯವರೆಗೆ: ‘ಎ’ ಜೀವಸತ್ವದ ಕಥೆ

‘ಎ’ ಜೀವಸತ್ವ ಎಂದೊಡನೆ ನಮಗೆ ನೆನಪಾಗುವುದು ಇರುಳುಗುರುಡು, ಕ್ಯಾರೆಟ್ ಮತ್ತು ಹಸಿರು ಸೊಪ್ಪು. ಆದರೆ ಈ ಸತ್ವಕ್ಕೂ ಬೆನ್ನುಮೂಳೆಗೂ ಇರುವ ನಂಟಿನ ಚರಿತ್ರೆಯೂ ತಿಳಿಯತಕ್ಕದ್ದೇ ಆಗಿದೆ.

1913ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಇಲಿಗಳ ಮೇಲೆ ಪ್ರಯೋಗ ನಡೆಸಿ, ಬೆಳವಣಿಗೆಗೆ ಅವಶ್ಯವಾದ ಒಂದು ಅಂಶ ಬೆಣ್ಣೆಯಲ್ಲೂ ಮೊಟ್ಟೆಯ ಹಳದಿಯಲ್ಲೂ ಇದೆಯೆಂದು ತೋರಿಸಿದರು. ಅದೇ ಮುಂದೆ ‘ಎ’ ಜೀವಸತ್ವ ಎನಿಸಿತು.

ಅತಿಯಾದರೆ ಅಮೃತವೂ ವಿಷ. 1597ರಲ್ಲಿ ಉತ್ತರ ಧ್ರುವ ಪ್ರದೇಶದಲ್ಲಿ ಸಿಲುಕಿದ್ದ ಡಚ್ ನಾವಿಕರು ಹಿಮಕರಡಿಯ ಪಿತ್ತಜನಕಾಂಗ (ಕಲೇಜಿ) ತಿಂದು ಕಾಯಿಲೆ ಬಿದ್ದರು. ಅವರಲ್ಲಿ ಕೆಲವರ ಚರ್ಮವೇ ಸುಲಿದುಹೋಯಿತು. ಆ ಅಂಗದಲ್ಲಿ ‘ಎ’ ಜೀವಸತ್ವ ವಿಪರೀತ ಪ್ರಮಾಣದಲ್ಲಿರುತ್ತದೆ. ಬಹುಕಾಲ ಕಲೇಜಿಯನ್ನೇ ತಿಂದ ಬೆಕ್ಕುಗಳ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು 1960ರ ದಶಕದಲ್ಲಿ ಪಶುವೈದ್ಯ ವಿಜ್ಞಾನಿಗಳು ವಿವರಿಸಿದರು.

ಇದಕ್ಕೆ ಕಾರಣವೇನು? ದೇಹವು ಈ ಸತ್ವದಿಂದ ರೆಟಿನೋಯಿಕ್ ಆಮ್ಲವನ್ನು ತಯಾರಿಸುತ್ತದೆ. ಎಲ್ಲಿ, ಯಾವಾಗ ಮೂಳೆ ಬೆಳೆಯಬೇಕೆಂಬ ಸೂಚನೆಯಲ್ಲಿ ಅದರ ಪಾತ್ರವಿದೆ. ಕೆಲಸ ಮುಗಿದ ಮೇಲೆ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆ ಕಿಣ್ವದ ವಂಶವಾಹಿ ಕೆಟ್ಟ ಜೀಬ್ರಾ ಮೀನುಗಳಲ್ಲಿ ಬೆನ್ನುಮೂಳೆ ಅತಿಯಾಗಿ ಗಟ್ಟಿಯಾಗುವುದು 2008ರಲ್ಲಿ ಪ್ರಕಟವಾಯಿತು. ಅದೇ ವಂಶವಾಹಿಯ ದೋಷದಿಂದ ಮನುಷ್ಯರಲ್ಲೂ ಮೂಳೆಗಳ ವಿಕಾರ ಉಂಟಾಗುವುದೆಂದು 2011ರಲ್ಲಿ ತಿಳಿಯಿತು.

ಎಫ್.ಓ.ಪಿ. ಎಂಬುದು ಇನ್ನೊಂದು ವಂಶವಾಹಿಯ ಕಾಯಿಲೆ. ಸುಮಾರು 10 ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಇದರಲ್ಲಿ ಸ್ನಾಯುಗಳೇ ಮೂಳೆಯಾಗಿ, ಕುತ್ತಿಗೆ ಮತ್ತು ಬೆನ್ನು ಸೆಟೆದುಕೊಳ್ಳುತ್ತವೆ. 1973ರಲ್ಲಿ ತೀರಿಕೊಂಡ ಹ್ಯಾರಿ ಈಸ್ಟ್‌ಲ್ಯಾಕ್ ಎಂಬ ರೋಗಿ ವಿಜ್ಞಾನಕ್ಕೆಂದು ದಾನ ಮಾಡಿದ ಅಸ್ಥಿಪಂಜರ ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ. 2006ರಲ್ಲಿ ಇದರ ವಂಶವಾಹಿ ಪತ್ತೆಯಾಯಿತು. ಇಲ್ಲಿ ಹೊಸ ಮೂಳೆ ಮೊದಲು ಮೃದ್ವಸ್ಥಿಯಾಗಿ ರೂಪುಗೊಳ್ಳುತ್ತದೆ. ರೆಟಿನೋಯಿಕ್ ಆಮ್ಲದಂತೆ ವರ್ತಿಸುವ ಪ್ಯಾಲೊವರೊಟೀನ್ ಎಂಬ ಔಷಧ ಆ ಹಂತವನ್ನೇ ತಡೆಯುತ್ತದೆ. 2023ರಲ್ಲಿ ಅಮೆರಿಕ ಇದಕ್ಕೆ ಅನುಮತಿ ನೀಡಿತು. ಆದರೆ ಬೆಳೆಯುವ ಮಕ್ಕಳ ಎತ್ತರ ಇದರಿಂದ ಅಕಾಲದಲ್ಲಿ ನಿಂತುಹೋಗಬಹುದು. ಗರ್ಭಿಣಿಯರಿಗಂತೂ ಇದು ಸಲ್ಲದು.

ಒಂದೇ ಸತ್ವದ ಸಂತತಿ ಒಂದೆಡೆ ಮೂಳೆ ಬೆಸೆಯುತ್ತದೆ, ಇನ್ನೊಂದೆಡೆ ತಡೆಯುತ್ತದೆ. ಪ್ರಮಾಣ, ಸ್ಥಳ, ಸಮಯ ಇವೇ ಅದರ ಗುಟ್ಟು. ಆದ್ದರಿಂದ ಸೊಪ್ಪು ತರಕಾರಿ ಧಾರಾಳವಾಗಿ ತಿನ್ನಿರಿ. ‘ಎ’ ಜೀವಸತ್ವದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗದಿರಿ. ಹುಟ್ಟಿದ ಮಗುವಿನ ಕಾಲಿನ ಹೆಬ್ಬೆರಳುಗಳು ಗಿಡ್ಡವಾಗಿ ಒಳಕ್ಕೆ ವಾಲಿದ್ದರೆ ವೈದ್ಯರಿಗೆ ತೋರಿಸಿರಿ. ಎಫ್.ಓ.ಪಿ.ಯ ಮೊದಲ ಗುರುತು ಅಲ್ಲಿಯೇ ಇರುತ್ತದೆ. ಈ ಕಾಯಿಲೆಯುಳ್ಳವರಿಗೆ ಸ್ನಾಯುವಿಗೆ ಚುಚ್ಚುವ ಒಂದು ಸೂಜಿಯೂ ಹೊಸ ಮೂಳೆಗೆ ಕಾರಣವಾಗಬಹುದಾದ್ದರಿಂದ, ಮೊದಲೇ ತಿಳಿಯುವುದು ಬಹಳ ಮುಖ್ಯ.