ಬೆನ್ನ ಮೇಲೊಂದು ಮಗು



1897ರ ಆರಂಭದ ದಿನಗಳು. ಪುಣೆಯ ಹೊರವಲಯದ ಮುಂಢ್ವಾ ಗ್ರಾಮದ ದಲಿತ ಕೇರಿಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ಪ್ಲೇಗಿನ ಜ್ವರದಿಂದ ನರಳುತ್ತಿದ್ದ. ಪ್ಲೇಗಿನ ಹೆಸರು ಕೇಳಿದರೆ ಸಾಕು, ಬಂಧುಗಳೂ ದೂರ ಸರಿಯುತ್ತಿದ್ದ ಕಾಲವದು. 66 ವರ್ಷದ ಮಹಿಳೆಯೊಬ್ಬರು ಆ ಬಾಲಕನನ್ನು ತಮ್ಮ ಬೆನ್ನ ಮೇಲೆ ಹೊತ್ತು, ಹಡಪ್ಸರದ ಬಳಿ ತಮ್ಮ ಮಗ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ತಂದರು. ಬಾಲಕ ಬದುಕಿಕೊಂಡ. ಹೊತ್ತು ತಂದವರಿಗೆ ಸೋಂಕು ತಗಲಿತು. ಮಾರ್ಚ್ 10ರಂದು ಅವರು ತೀರಿಕೊಂಡರು. ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದು ನಾಡಿಗೇ ಗುರುವಾದ ಸಾವಿತ್ರಿಬಾಯಿ ಫುಲೆ ಅವರೇ ಆ ಮಹಿಳೆ.

ಮಹಾಮಾರಿಗಳ ಇತಿಹಾಸವನ್ನು ತೆರೆದು ನೋಡಿದರೆ ನಿಮಗೆ ಅಂಕಿಸಂಖ್ಯೆಗಳು ಧಾರಾಳವಾಗಿ ಸಿಗುತ್ತವೆ. ಎಷ್ಟು ಮಂದಿಗೆ ಸೋಂಕು, ಎಷ್ಟು ಮಂದಿಗೆ ಸಾವು ಎಂಬ ಲೆಕ್ಕ ಅಲ್ಲಿದೆ. ಆದರೆ ಸತ್ತವರ ಪಕ್ಕದಲ್ಲಿ ನಿಂತಿದ್ದ ಮಕ್ಕಳಿಗೆ ಆ ಪಟ್ಟಿಯಲ್ಲಿ ಅಂಕಣವಿರುವುದಿಲ್ಲ. ತಾಯಿ ಆಸ್ಪತ್ರೆ ಸೇರಿದ ಮೇಲೆ ಅವರಿಗೆ ಅನ್ನ ಹಾಕಿದವರು ಯಾರು? ತಂದೆ ಮಣ್ಣಾದ ಮೇಲೆ ಅವರನ್ನು ಶಾಲೆಗೆ ಕಳುಹಿಸಿದವರು ಯಾರು? ಈ ಪ್ರಶ್ನೆಗಳನ್ನು ಹಿಡಿದು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಕಾಲಕ್ಕೊಮ್ಮೆ ಹೋಗಿ ಬರೋಣ.

1894ರಲ್ಲಿ ಹಾಂಕಾಂಗನ್ನು ತತ್ತರಿಸುವಂತೆ ಮಾಡಿದ ಪ್ಲೇಗು ಎರಡು ವರ್ಷಗಳ ತರುವಾಯ ಮುಂಬಯಿಯಲ್ಲಿ ಕಾಣಿಸಿಕೊಂಡಿತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಸಮೀಪದ ಮಾಂಡ್ವಿ ಬಡಾವಣೆಯಲ್ಲಿ ಇದು ಪ್ಲೇಗೇ ಎಂದು ಗುರುತಿಸಿ ಹೇಳಿದವರು ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೇಗಸ್. ಮರುವರ್ಷದ ಜನವರಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಇಲಿಗಳ ಮೈಮೇಲಿನ ಚಿಗಟಗಳಿಂದ ರೋಗ ಹರಡುತ್ತದೆ ಎಂಬ ತಿಳಿವಳಿಕೆ ಆಗಿನ್ನೂ ಬಂದಿರಲಿಲ್ಲ. ಹೀಗಾಗಿ ಗೋಡೆಗಳಿಗೆ ಸುಣ್ಣ ಬಳಿಯುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ಮನುಷ್ಯರನ್ನು ಮನುಷ್ಯರಿಂದ ಬೇರ್ಪಡಿಸುವುದು ಇವೇ ಪರಿಹಾರಗಳಾಗಿದ್ದವು. ಮುಂದಿನ ದಶಕಗಳಲ್ಲಿ ಈ ರೋಗ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸಿದರು. ರೋಗಿಯನ್ನು ಪ್ಲೇಗ್ ಆಸ್ಪತ್ರೆಗೂ ಉಳಿದ ಮನೆಮಂದಿಯನ್ನು ಪ್ರತ್ಯೇಕ ಶಿಬಿರಕ್ಕೂ ಒಯ್ಯುತ್ತಿದ್ದರು. ತಾಯಿ ಒಂದೆಡೆಯಾದರೆ ಮಕ್ಕಳು ಇನ್ನೊಂದೆಡೆ. ರೋಗ ತಡೆಯುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದನ್ನು ನಡೆಸಿದ ರೀತಿಯಲ್ಲಿ ಕರುಣೆ ಇರಲಿಲ್ಲ. ಜನರು ರೋಗಕ್ಕಿಂತ ಶೋಧಕ್ಕೇ ಹೆಚ್ಚು ಹೆದರಿದರು, ರೋಗಿಗಳನ್ನು ಬಚ್ಚಿಟ್ಟರು. ಜನರ ಆಕ್ರೋಶ ಎಷ್ಟಿತ್ತೆಂದರೆ, ಅದೇ ವರ್ಷದ ಜೂನ್ 22ರಂದು ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ ಗುಂಡು ಹಾರಿಸಲಾಯಿತು.

ಇಂತಹ ಪುಣೆಯ ಅಂಚಿನಲ್ಲಿಯೇ ಸಾವಿತ್ರಿಬಾಯಿ ಅವರ ಮಗ ಡಾ. ಯಶವಂತರಾವ್ ಅವರ ಚಿಕಿತ್ಸಾಲಯವಿತ್ತು. ಈ ಯಶವಂತರಾವ್ ಯಾರೆಂಬುದನ್ನು ನೀವು ತಿಳಿಯಬೇಕು. ಗರ್ಭಿಣಿಯಾದ ವಿಧವೆಯರನ್ನು ಸಮಾಜ ಹೊರದೂಡುತ್ತಿದ್ದ ಆ ದಿನಗಳಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಅಂತಹ ತಾಯಂದಿರಿಗೆ ಹೆರಿಗೆಯ ಆಶ್ರಯ ನೀಡಿದ್ದರು. ಹಾಗೆ ಆಶ್ರಯ ಬೇಡಿ ಬಂದ ಒಬ್ಬ ವಿಧವೆಯ ಮಗುವನ್ನು 1874ರಲ್ಲಿ ಅವರು ತಮ್ಮ ಮಗನಾಗಿ ಸ್ವೀಕರಿಸಿದರು. ಅಂದು ಯಾರಿಗೂ ಬೇಡವಾಗಿದ್ದ ಆ ಕೂಸೇ ಬೆಳೆದು ವೈದ್ಯನಾಗಿ, ಇತರರು ಮುಟ್ಟಲು ಹಿಂಜರಿದ ರೋಗಿಗಳಿಗೆ ಬಾಗಿಲು ತೆರೆದ. ಒಂದು ಮಗುವಿಗೆ ನೀಡಿದ ಆಸರೆ ಒಂದು ತಲೆಮಾರು ದಾಟಿ ಊರಿಗೇ ಆಸರೆಯಾಗಿ ಮರಳಿತು. ಇದಕ್ಕೆ ಹಿಡಿದ ಕಾಲ ಇಪ್ಪತ್ತಮೂರು ವರ್ಷ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅದೇ ಪುಣೆಯಲ್ಲಿ, ಅದೇ ತಿಂಗಳುಗಳಲ್ಲಿ, ನಮ್ಮ ಕನ್ನಡ ನಾಡಿನ ಮಗಳೊಬ್ಬಳೂ ಇದ್ದರು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರ ತಂದೆ ಅನಂತಶಾಸ್ತ್ರಿಗಳು ಕಟ್ಟಿಕೊಂಡಿದ್ದ ಆಶ್ರಮದಲ್ಲಿ. ಹರೆಯದಲ್ಲೇ ಕ್ಷಾಮವು ಅವರ ತಂದೆತಾಯಿಯರನ್ನೂ ಅಕ್ಕನನ್ನೂ ಕಿತ್ತುಕೊಂಡಿತು. 1882ರಲ್ಲಿ ಕಾಲರಾ ರೋಗವು ಪತಿಯನ್ನು ಒಯ್ದಾಗ ಮಡಿಲಲ್ಲಿದ್ದ ಮಗಳು ಮನೋರಮಾಗೆ ಒಂದು ವರ್ಷವೂ ತುಂಬಿರಲಿಲ್ಲ. ಹಸಿವೆಂದರೇನು, ಸಾಂಕ್ರಾಮಿಕ ರೋಗವು ಒಂದು ಮನೆಯನ್ನು ಹೇಗೆ ಬರಿದು ಮಾಡುತ್ತದೆ ಎಂಬುದನ್ನು ಅವರು ಗ್ರಂಥಗಳಿಂದ ಕಲಿತವರಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಅವರು ಸ್ವದೇಶಕ್ಕೆ ಮರಳಿ, 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

1896–97ರಲ್ಲಿ ಪ್ಲೇಗಿನ ಜೊತೆಗೆ ಮಧ್ಯ ಭಾರತದಲ್ಲಿ ಭೀಕರ ಕ್ಷಾಮವೂ ಕಾಲಿಟ್ಟಿತು. ರಮಾಬಾಯಿ ಸ್ವತಃ ಅಲ್ಲಿಗೆ ಹೋಗಿ, ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದರು. ಅವರ ಸಂಖ್ಯೆ ಸುಮಾರು 300. ಆದರೆ ಪ್ಲೇಗಿನ ಕಾರಣ ಪುಣೆ ನಗರದೊಳಗೆ ಅಷ್ಟೊಂದು ಮಕ್ಕಳನ್ನು ಇರಿಸಿಕೊಳ್ಳಲು ಅಧಿಕಾರಿಗಳ ನಿರ್ಬಂಧ ಅಡ್ಡಬಂದಿತು. ನಗರದ ಬಾಗಿಲು ಮುಚ್ಚಿದಾಗ ಅವರು ಕೇಡಗಾಂವ್‌ನಲ್ಲಿ ತಾವು ಕೊಂಡಿದ್ದ ಹೊಲದ ಕಡೆಗೆ ಮಕ್ಕಳೊಂದಿಗೆ ನಡೆದರು. ಮುಕ್ತಿ ಸದನ ಬೆಳೆದದ್ದು ಆ ನೆಲದಲ್ಲಿ. 1900ರ ವೇಳೆಗೆ ಅಲ್ಲಿ ಸುಮಾರು 1,500 ಮಂದಿ ನೆಲೆಸಿದ್ದರು. ಆ ಹೆಣ್ಣುಮಕ್ಕಳು ಅಕ್ಷರ ಕಲಿತರು, ಬೇಸಾಯ ಮಾಡಿದರು, ನೇಯ್ದರು, ಮುದ್ರಣಾಲಯದಲ್ಲಿ ದುಡಿದರು. ಗಂಜಿ ಒಂದು ದಿನದ ಹಸಿವನ್ನು ತಣಿಸುತ್ತದೆ. ಕೈಕೆಲಸ ಒಂದು ಬದುಕನ್ನು ನಿಲ್ಲಿಸುತ್ತದೆ.

ಅಷ್ಟೇ ಅಲ್ಲ. ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ರಮಾಬಾಯಿ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಸರಕಾರ ಅದನ್ನು ಅಲ್ಲಗಳೆಯಿತು. ಆದರೂ ಅವರು ಆಡಬೇಕಾದ ಮಾತನ್ನು ಆಡಿಯಾಗಿತ್ತು. ಮಕ್ಕಳಿಗೆ ಅನ್ನ ಬಡಿಸುವುದಷ್ಟೇ ಸೇವೆಯಲ್ಲ, ಅವರ ಪರವಾಗಿ ಅಧಿಕಾರದ ಮುಂದೆ ಬಾಯಿ ತೆರೆಯುವುದೂ ಸೇವೆಯೇ ಎಂಬುದು ಆಕೆಯ ಬದುಕು ಹೇಳುವ ಪಾಠ.

ಇಲ್ಲಿ ಒಂದು ಕಹಿ ಪ್ರಶ್ನೆಯಿಂದ ನಾವು ಮುಖ ತಿರುಗಿಸಬಾರದು. ಅನ್ನದ ಜೊತೆಗೆ ಮತವನ್ನೂ ಬಡಿಸಿದರೆಂಬ ಆಪಾದನೆ ಆ ಕಾಲದ ಕ್ರೈಸ್ತ ಅನಾಥಾಲಯಗಳ ಮೇಲೆ ಬಂದಿತು. ರಮಾಬಾಯಿ ಅವರೂ ಅದನ್ನು ಎದುರಿಸಿದರು. ಎಲ್ಲ ಆಪಾದನೆಗಳೂ ನಿಜವಲ್ಲ, ಎಲ್ಲವೂ ಸುಳ್ಳೂ ಅಲ್ಲ. ಹಸಿದ ಮಗು ಇಲ್ಲವೆನ್ನಲಾರದು. ಆದ್ದರಿಂದಲೇ ಅದಕ್ಕೆ ನೀಡುವ ಕೈಗೆ ಹೆಚ್ಚಿನ ಎಚ್ಚರ ಬೇಕು. ಪ್ಲೇಗಿನ ಬಾಲಕನನ್ನು ಬೆನ್ನಿಗೇರಿಸಿಕೊಂಡ ಸಾವಿತ್ರಿಬಾಯಿ ಕ್ರೈಸ್ತರಾಗಿರಲಿಲ್ಲ ಎಂಬುದನ್ನೂ ನಾವು ವಿನಯದಿಂದ ನೆನೆಯಬೇಕು. ಪ್ರಭುವು ಹೇಳಿದ ಸಾಮತಿಯಲ್ಲಿ ಗಾಯಾಳುವಿಗೆ ನೆರೆಯವನಾದದ್ದು ಸಮಾರಿಯದವನೇ ಹೊರತು ದೇವಾಲಯದ ಸೇವಕನಲ್ಲ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನೂ ತಲುಪಿತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಅದು ಹಬ್ಬಿದ ಬಗೆಯನ್ನು ಕಂಡ ಮೇಲೆಯೇ ಮಲ್ಲೇಶ್ವರ, ಬಸವನಗುಡಿಗಳಂತಹ ಅಗಲ ಬೀದಿಗಳ ಹೊಸ ಬಡಾವಣೆಗಳು ಭರದಿಂದ ಬೆಳೆದವು. ಹಳ್ಳಿಗಳಲ್ಲಿ ಜನರು ಮನೆಗೆ ಬೀಗ ಹಾಕಿ, ಊರಾಚೆಯ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದರು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟ ಕಥೆಯನ್ನು ನಿಮ್ಮಲ್ಲಿ ಕೆಲವರು ಹಿರಿಯರ ಬಾಯಿಂದ ಕೇಳಿರಬಹುದು. ಪ್ಲೇಗಮ್ಮನ ಗುಡಿಗಳು ಇಂದಿಗೂ ಆ ಭಯದ ನೆನಪಾಗಿ ನಿಂತಿವೆ.

ಕರಾವಳಿಯಲ್ಲಿ ಇನ್ನೊಂದು ನೆನಪಿದೆ. ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಒಂದು ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. 1902ರಲ್ಲಿ ಮಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಆ ರೋಗಿಗಳಿಗೆಂದೇ ಒಂದು ಆಸ್ಪತ್ರೆಯನ್ನು ತೆರೆದರು. ಗಮನಿಸಿ: ಪ್ಲೇಗು ಬರುವ ಇಪ್ಪತ್ತೆರಡು ವರ್ಷ ಮೊದಲೇ ಅವರು ಅಲ್ಲಿದ್ದರು. ಆಪತ್ತು ಬಂದಾಗ ಜನರು ನಂಬಿ ಬಾಗಿಲು ತಟ್ಟಿದ್ದು ಅದು ಪರಿಚಿತ ಬಾಗಿಲಾಗಿದ್ದರಿಂದ. 1910ರಲ್ಲಿ ಅವರು ಕಣ್ಮುಚ್ಚಿದ ಮೇಲೂ ಆ ಬಾಗಿಲು ಮುಚ್ಚಲಿಲ್ಲ; ಕಂಕನಾಡಿಯ ಆ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಆಗಿ ಬೆಳೆದಿದೆ.

ಈಗ ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಅದೇ ತಿಂಗಳು ನಮ್ಮ ಶಾಲೆಗಳ ಬಾಗಿಲುಗಳು ಮುಚ್ಚಿದವು. ಬಡ ಮಗುವಿಗೆ ಶಾಲೆಯೆಂದರೆ ಪಾಠ ಮಾತ್ರವಲ್ಲ. ಮಧ್ಯಾಹ್ನದ ಬಿಸಿಯೂಟ, ಲೋಟ ತುಂಬ ಹಾಲು, ಮನೆಯ ಕಷ್ಟವನ್ನು ಗಮನಿಸುವ ಒಬ್ಬ ಟೀಚರಮ್ಮ. ಇವೆಲ್ಲ ಒಂದೇ ದಿನ ನಿಂತುಹೋದವು. ತರುವಾಯ ಅಕ್ಕಿ ಬೇಳೆಗಳನ್ನು ಮನೆಗಳಿಗೆ ಹಂಚಲಾಯಿತು. 2020ರ ಆಗಸ್ಟಿನಲ್ಲಿ ಕರ್ನಾಟಕ ಸರಕಾರವು 'ವಿದ್ಯಾಗಮ'ವನ್ನು ಆರಂಭಿಸಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ನಡೆದು, ಮರದ ನೆರಳಿನಲ್ಲಿ, ಗುಡಿಯ ಜಗುಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅದೂ ನಡುವೆ ಕೆಲಕಾಲ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಹೊಸ್ತಿಲು ತುಳಿದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಹತ್ತೊಂಬತ್ತು ತಿಂಗಳುಗಳು ಸಂದಿದ್ದವು.

ಇದಕ್ಕಿಂತಲೂ ಆಳವಾದ ಗಾಯ ಇನ್ನೊಂದಿದೆ. ಮಹಾಮಾರಿಯ ಮೊದಲ ಹದಿನಾಲ್ಕು ತಿಂಗಳುಗಳಲ್ಲೇ ಜಗತ್ತಿನ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ತಮ್ಮನ್ನು ಸಾಕುತ್ತಿದ್ದ ಅಜ್ಜ ಅಜ್ಜಿಯರನ್ನೋ ಕಳೆದುಕೊಂಡರೆಂದು 2021ರಲ್ಲಿ ತಜ್ಞರು ಅಂದಾಜು ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ಕೇಂದ್ರ ಸರಕಾರವು ಒಂದು ಯೋಜನೆಯನ್ನು ಪ್ರಕಟಿಸಿತು. ಕರ್ನಾಟಕವು ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಘೋಷಿಸಿತು.

ಅದೇ ದಿನಗಳಲ್ಲಿ ನಿಮ್ಮ ಮೊಬೈಲಿಗೂ ಕೆಲವು ಸಂದೇಶಗಳು ಬಂದಿರಬಹುದು: ಅನಾಥವಾದ ಕೂಸುಗಳಿವೆ, ದತ್ತು ಬೇಕಾದವರು ಕರೆ ಮಾಡಿ ಎಂದು. ಕಳುಹಿಸಿದವರಲ್ಲಿ ಅನೇಕರು ಮರುಕದಿಂದಲೇ ಕಳುಹಿಸಿದರು. ಆದರೆ ಕಾನೂನಿನ ಕ್ರಮದ ಹೊರಗೆ ಮಗುವನ್ನು ಕೈ ಬದಲಾಯಿಸುವುದು ಅಪರಾಧ. ಅದು ಮಕ್ಕಳ ಮಾರಾಟಗಾರರಿಗೆ ತೆರೆದ ಬಾಗಿಲು ಎಂದು ಅಧಿಕಾರಿಗಳು ಎಚ್ಚರಿಸಬೇಕಾಯಿತು. ಸಂಕಟದಲ್ಲಿರುವ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡುವುದೇ ಸರಿಯಾದ ದಾರಿ. ನಮ್ಮ ಕಾನೂನು ಇಂದು ಅನಾಥಾಲಯವನ್ನು ಕೊನೆಯ ಉಪಾಯವೆಂದು ಬಗೆಯುತ್ತದೆ. ಅಜ್ಜಿಯ ಬಳಿಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ತನ್ನವರ ನಡುವೆಯೇ ಮಗು ಬೆಳೆಯಲೆಂದು ಪ್ರಾಯೋಜಕತ್ವದ ನೆರವನ್ನೂ ನೀಡುತ್ತದೆ. ರಮಾಬಾಯಿ ಅವರ ಕಾಲಕ್ಕೆ ಇಲ್ಲದಿದ್ದ ಈ ಅನುಕೂಲ ನಮಗಿದೆ. ಆದರೆ ಅರ್ಜಿ ಬರೆಯಲು ಬಾರದ ಅಜ್ಜಿಗೆ ಅದರಿಂದೇನು ಪ್ರಯೋಜನ, ಜೊತೆಯಲ್ಲಿ ಕಚೇರಿಗೆ ನಡೆಯುವವರು ಒಬ್ಬರೂ ಇಲ್ಲದಿದ್ದರೆ?

2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಯಾರಿಗೆ ಮುಗಿಯಿತು? 2021ರಲ್ಲಿ ಹತ್ತು ವರ್ಷದವನಾಗಿದ್ದ ಬಾಲಕ ಇಂದು ಹರೆಯಕ್ಕೆ ಕಾಲಿಟ್ಟಿದ್ದಾನೆ. ಮುಂಢ್ವಾದ ಆ ಬಾಲಕನ ವಯಸ್ಸೂ ಅಂದು ಅಷ್ಟೇ ಇತ್ತು. ಆಗ ಆಹಾರದ ಕಿಟ್ ತಂದುಕೊಟ್ಟು ಭಾವಚಿತ್ರ ತೆಗೆಸಿಕೊಂಡವರು ಮರಳಿ ಹೋಗಿದ್ದಾರೆ. ಶಾಲೆ ಬಿಟ್ಟು ಕೂಲಿಗೆ ಹೋಗಲೇ ಎಂದು ಅವನು ಯೋಚಿಸುವ ಹೊತ್ತು ಇದೇ. ಯಶವಂತನನ್ನು ವೈದ್ಯನನ್ನಾಗಿ ಮಾಡಿದ್ದು ಮೊದಲ ದಿನದ ಮರುಕವಲ್ಲ, ಅದರ ಬೆನ್ನಿಗೆ ಬಂದ ಇಪ್ಪತ್ತಮೂರು ವರ್ಷಗಳ ನಿಷ್ಠೆ.

ಸಮಾರಿಯದವನ ಸಾಮತಿಯಲ್ಲಿ ನಾವು ಸಾಮಾನ್ಯವಾಗಿ ಗಾಯಕ್ಕೆ ಎಣ್ಣೆ ಹಚ್ಚಿದ್ದನ್ನು ನೆನೆಯುತ್ತೇವೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಛತ್ರದವನ ಕೈಗೆ ಹಣವಿತ್ತು, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುವೆನೆಂದು ಮಾತು ಕೊಟ್ಟು ಹೋಗುತ್ತಾನೆ. ಆ ಮಾತಿನಲ್ಲಿ ಅವನು ಮತ್ತೆ ಬರುತ್ತಾನೆಂಬ ಭರವಸೆ ಇದೆ.

ಆದುದರಿಂದ, ಈ ಪುಟವನ್ನು ಮಡಚಿಡುವ ಮೊದಲು ನಿಮ್ಮ ಬೀದಿಯನ್ನೊಮ್ಮೆ ಮನಸ್ಸಿನಲ್ಲಿಯೇ ನಡೆದು ನೋಡಿ. ಆ ಎರಡು ವರ್ಷಗಳಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗು ಯಾವ ಮನೆಯಲ್ಲಿದೆ? ಅಂದು ನೀವು ಹೋಗಿ ಸಾಂತ್ವನ ಹೇಳಿ ಬಂದಿರಬಹುದು. ಆ ಮಗುವಿನ ಮತ, ಜಾತಿ ಯಾವುದೇ ಇರಲಿ, ಈ ಭಾನುವಾರ ಪೂಜೆ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ಬನ್ನಿ. ಯಾವ ತರಗತಿಯಲ್ಲಿ ಓದುತ್ತಿದ್ದೀಯೆ ಎಂದು ಕೇಳಿ.