ಬಾಗಿಲಿಗೊಂದು ಹಣ

ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಿರುವ ಶಾಲಿವಾಹನ ಶಕ 1290ರ, ಅಂದರೆ ಕ್ರಿ. ಶ. 1368ರ, ಶಿಲಾಶಾಸನವನ್ನು ಅರಿಯದ ಶ್ರಾವಕರು ವಿರಳ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಒದಗಿದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯ ಹಾಗೂ ಕಲಶದ ಹಕ್ಕನ್ನು ಸ್ಥಿರಪಡಿಸಿದ ಪ್ರಸಂಗವು ಭಾಷಣಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆದರೆ ಅದೇ ಶಾಸನದ ಮುಂದಿನ ಸಾಲುಗಳಲ್ಲಿರುವ ಹಣಕಾಸಿನ ಏರ್ಪಾಡನ್ನು ಲಕ್ಷ್ಯಕ್ಕೆ ತಂದುಕೊಂಡವರು ಕಡಿಮೆ.

ರಾಜ್ಯದ ಜೈನರೆಲ್ಲರೂ ಬಾಗಿಲುಗಟ್ಟಲೆಯಾಗಿ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ಆ ಹಣದಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಕೊಡುವವರು ಜೈನರು, ವ್ಯಯಿಸುವ ಹೊಣೆ ಹೊತ್ತವರು ವೈಷ್ಣವ ಆಚಾರ್ಯರು. ಅದೂ ಭವ್ಯಜನರ ಒಪ್ಪಿಗೆಯ ಮೇರೆಗೆ. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರ ಕೈಗೇ ಲೆಕ್ಕವನ್ನು ಒಪ್ಪಿಸಿದ್ದು ಸಾಮಾನ್ಯ ಧೈರ್ಯವಲ್ಲ. ವ್ಯಾಪಾರಸ್ಥರಿಗೆ ಇಲ್ಲಿ ಹೆಚ್ಚು ಹಿಡಿಸುವ ಮಾತೆಂದರೆ ಆ ‘ಮಿಕ್ಕ ಹಣ’. ವಂತಿಗೆ ಎತ್ತುವಾಗ ಮೊದಲ ಖರ್ಚನ್ನು ಎಲ್ಲರೂ ಹೇಳುತ್ತಾರೆ. ಉಳಿದುದು ಎಲ್ಲಿಗೆ ಹೋಗಬೇಕೆಂಬುದನ್ನು ಬರೆದಿಡುವವರು ಎಷ್ಟು ಮಂದಿ? ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘದ್ರೋಹಿಯೂ ಸಮುದಾಯದ್ರೋಹಿಯೂ ಆಗುತ್ತಾನೆಂದು ಶಾಸನವು ವಿಧಿಸಿದೆ. ಈ ಕಾರ್ಯಕ್ಕಾಗಿ ಅರಸನಲ್ಲಿ ಬಿನ್ನವಿಸಿ, ತಾತಯ್ಯನವರನ್ನು ಕರೆಸಿದವನು ಕಲ್ಲೇಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಧರ್ಮಾರ್ಥವಾಗಿ ಕೊಟ್ಟ ಹಣದ ಉದ್ದೇಶವನ್ನು ಅನ್ಯರು ಬದಲಿಸಬಹುದೇ ಎಂಬ ಪ್ರಶ್ನೆಯು ಸುಮಾರು 600 ವರ್ಷಗಳ ತರುವಾಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ಬಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಬಸದಿಗಳಿಗೂ ಅನ್ವಯಿಸುವಂತಹುದಾಗಿತ್ತು. ಇದನ್ನು ಪ್ರಶ್ನಿಸಿದವರು ಗುಜರಾತಿನ ಒಂದು ಜೈನ ಮಂದಿರದ ವ್ಯವಸ್ಥಾಪಕರಾದ ರತಿಲಾಲ್ ಪಾನಾಚಂದ್ ಗಾಂಧಿಯವರು. ಪಾರ್ಸಿ ಪಂಚಾಯತಿಯ ನಿಧಿಗಳ ಟ್ರಸ್ಟಿಗಳೂ ಅದೇ ಕಾಯಿದೆಯ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದರು.

1954ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪಿತ್ತರು. ನೋಂದಣಿ, ಲೆಕ್ಕಪತ್ರ, ತಪಾಸಣೆ ಇವುಗಳಿಗೆ ಟ್ರಸ್ಟಿಗಳು ಒಳಪಡಲೇಬೇಕು, ಇದು ನ್ಯಾಯವಾದುದೇ. ಆದರೆ ಧರ್ಮಾದಾಯ ಆಯುಕ್ತರನ್ನೇ ದೇವಸ್ಥಾನದ ಟ್ರಸ್ಟಿಯನ್ನಾಗಿ ನೇಮಿಸುವಂತಿಲ್ಲ. ದಾತೃವಿನ ಮೂಲ ಉದ್ದೇಶವು ನೆರವೇರುವ ಸ್ಥಿತಿಯಲ್ಲಿದ್ದಾಗಲೂ ಧಾರ್ಮಿಕ ನಿಧಿಯನ್ನು ಬೇರೆಡೆಗೆ ತಿರುಗಿಸುವ ಅಧಿಕಾರವೂ ಸಿಂಧುವಲ್ಲ. ಕಾಯಿದೆಯ ಆಡಳಿತ ವೆಚ್ಚಕ್ಕಾಗಿ ನ್ಯಾಸಗಳು ತೆರಬೇಕಾದ ವಂತಿಗೆಯನ್ನು ಮಾತ್ರ ನ್ಯಾಯಾಲಯವು ತೆರಿಗೆಯಲ್ಲ, ಶುಲ್ಕವೆಂದು ಎತ್ತಿಹಿಡಿಯಿತು. ಬುಕ್ಕರಾಯನ ಕಾಲದ ಬಾಗಿಲಿಗೊಂದು ಹಣವು ಅಂಗರಕ್ಷೆಗೂ ಸುಣ್ಣಕ್ಕೂ ಹೋಗಿದ್ದರೆ, ಈ ವಂತಿಗೆಯು ಹೋದದ್ದು ಕಚೇರಿಯ ವೆಚ್ಚಕ್ಕೆ.